ಒಂದು ಅಂಗೈ ತೊಗಟೆ

ಕಳೆದ ಮಂಗಳವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಿಟಕಿಯ ಬಳಿ ಕೂತಿದ್ದೆ. ಮೈಸೂರಿನ ನಮ್ಮ ಬಡಾವಣೆಯಲ್ಲಿ ಮನೆಯೆದುರಿಗೇ ಒಂದು ಪಾರ್ಕಿದೆ. ಅಲ್ಲಿ ಹುಲ್ಲು ಕತ್ತರಿಸುವ ಯಂತ್ರ ಗುರ್ರೆನ್ನುತ್ತಿತ್ತು. ಹೆಗಲಿಗೆ ನೇತುಹಾಕಿಕೊಂಡು, ತುದಿಯಲ್ಲಿ ಗಿರ್ರನೆ ತಿರುಗುವ ಪ್ಲಾಸ್ಟಿಕ್ ದಾರದಿಂದ ಹುಲ್ಲು ಹಾರಿಸುತ್ತಾರಲ್ಲ, ಆ ಯಂತ್ರ. ಹಸಿ ಹುಲ್ಲಿನ ವಾಸನೆ ನಿಮಗೂ ಇಷ್ಟವಿರಬಹುದು. ನನಗಂತೂ ಅದು ಕಾಫಿಗಿಂತ ಒಂದು ಪಾಲು ಹೆಚ್ಚೇ ಇಷ್ಟ. ಆದರೆ ಆವತ್ತು ಅದರ ನಡುವೆ ಇನ್ನೊಂದು ವಾಸನೆ ತೇಲಿ ಬಂತು. ಒಗರು, ಒಂದಿಷ್ಟು ಸಿಹಿ, ಹಸಿ ತೊಗಟೆಯದು.

ಲೋಟವನ್ನು ಅಲ್ಲೇ ಇಟ್ಟು, ಹವಾಯಿ ಚಪ್ಪಲಿಯಲ್ಲೇ ಓಡಿದೆ. ಎಳೆಯ ಹೊಂಗೆಮರವೊಂದರ ಬುಡದಲ್ಲಿ ಅಂಗೈಯಗಲ ತೊಗಟೆ ಎದ್ದುಹೋಗಿ ಬಿಳಿಯ ಮರ ಕಾಣುತ್ತಿತ್ತು. ಯಂತ್ರ ಹೊತ್ತಿದ್ದವನು ಐವತ್ತರ ಆಸುಪಾಸಿನ ಮನುಷ್ಯ. "ಕಣ್ಣು ಕಾಣಿಸಲ್ವೇನ್ರೀ?" ಎಂದು ಚೆನ್ನಾಗಿಯೇ ಬೈದೆ.

ಆತ ಯಂತ್ರ ನಿಲ್ಲಿಸಿ, ಮುಖದ ಮೇಲಿನ ಬಟ್ಟೆ ಸರಿಸಿ, "ಬುಡದಲ್ಲಿ ಉಲ್ಲು ಬಿಟ್ರೆ ಬೈತಾರೆ ಮೇಡಂ. ಒಂದ್ ಚೂರು ತಾಗ್ತು, ಅಷ್ಟೇಯ" ಎಂದ.

ನಾನು ಇನ್ನೊಂದಿಷ್ಟು ಬೈದು, ಗೆದ್ದವಳಂತೆ ಮನೆಗೆ ಬಂದೆ. ಕಾಫಿ ಆರಿತ್ತು. ಬಿಸಿ ಮಾಡುತ್ತ ನಿಂತಾಗ ಆತನ ಮಾತು ಮತ್ತೆ ಕಿವಿಯಲ್ಲಿ ಕೇಳಿಸಿತು. ಒಂದು ಚೂರು, ಅಷ್ಟೇ. ಈ ಮಾತನ್ನು ಮೊದಲು ಎಲ್ಲಿ ಕೇಳಿದ್ದೆ ಎಂದು ಯೋಚಿಸಿದರೆ, ನನ್ನ ಬಾಯಿಂದಲೇ ಕೇಳಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು. ಆಗ ನಾವು ಶ್ರೀರಂಗಪಟ್ಟಣದಲ್ಲಿದ್ದೆವು. ನಾವು ಎಂದರೆ ಅಪ್ಪ ಮತ್ತು ನಾನು. ಅಮ್ಮ ಹೋಗಿ ಕೆಲವು ವರ್ಷಗಳಾಗಿದ್ದವು. ಅಪ್ಪ ರೈಲ್ವೆಯಲ್ಲಿ ಟಿಕೆಟ್ ಕೊಡುತ್ತಿದ್ದು ನಿವೃತ್ತರಾದವರು. ಕೆಲಸ ಬಿಟ್ಟರೂ ಅಭ್ಯಾಸ ಬಿಟ್ಟಿರಲಿಲ್ಲ. ಸಾರು ಕುದಿಯುವುದು ಐದು ನಿಮಿಷ ತಡವಾದರೆ ಗಡಿಯಾರ ನೋಡಿ, "ಲೇಟಾಗಿ ಓಡ್ತಿದೆ" ಎನ್ನುವರು. ನಾನು ಊರಿನ ಒಂದು ಇಂಜಿನಿಯರ್ ಕಚೇರಿಯಲ್ಲಿ ಟೈಪಿಸ್ಟು. ಕನ್ನಡ ಟೈಪ್‌ರೈಟರಿನ ಮುಂದೆ ಕೂತವರಿಗೇ ಗೊತ್ತು, ಒತ್ತಕ್ಷರ ಹೊಡೆಯುವಾಗ ಕಿರುಬೆರಳಿಗೆ ಏನಾಗುತ್ತದೆ ಎಂಬುದು. 'ಕಾರ್ಯನಿರ್ವಾಹಕ' ಎಂಬ ಒಂದು ಪದ ಹೊಡೆಯುವಷ್ಟರಲ್ಲಿ ಇಂಗ್ಲಿಷ್ ಟೈಪಿಸ್ಟು ಅರ್ಧ ಪುಟ ಮುಗಿಸಿ ಟೀಗೆ ಎದ್ದಿರುತ್ತಿದ್ದಳು.

ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ಅಪ್ಪನಿಗೆ ಬಿಪಿ ಜಾಸ್ತಿ ಇದೆ ಎಂದು ಡಾಕ್ಟರು ಹೇಳಿದರು. ಮಾತ್ರೆ ಬರೆದುಕೊಟ್ಟರು, ಉಪ್ಪಿನಕಾಯಿ ಬಿಡಿಸಿದರು. ಮಾತ್ರೆಯ ಬಗ್ಗೆ ಅಪ್ಪನಿಗೆ ತಕರಾರಿರಲಿಲ್ಲ, ಉಪ್ಪಿನಕಾಯಿಯ ಬಗ್ಗೆ ಬಹಳ ಇತ್ತು. ನನಗೆ ಮಾತ್ರ ಹೆದರಿಕೆ ಹೊಕ್ಕಿತು. ಮನೆಯಲ್ಲಿ ಇರುವುದೇ ಇಬ್ಬರು, ಅದರಲ್ಲಿ ಒಬ್ಬರಿಗೆ ಬಿಪಿ.

ಆಗ ಬಂದವರು ನಂಜುಂಡಯ್ಯನವರು. ನಾಗಮಂಗಲದ ಕೋರ್ಟಿನಲ್ಲಿ ಕೇಸುಗಳನ್ನು ಕೂಗುವ ಪೇಶ್ಕಾರರಾಗಿದ್ದು ನಿವೃತ್ತರಾಗಿ ನಮ್ಮ ಬೀದಿಯಲ್ಲಿ ಮನೆ ಮಾಡಿದ್ದರು. ಅಪ್ಪನ ಸಂಜೆಯ ವಾಕಿಂಗಿನ ಜೊತೆಗಾರ. ಯಾರಿಗೆ ಯಾವ ಕಾಯಿಲೆ ಬಂದರೂ ಅವರ ಬಳಿ ಒಂದು ಬೇರು, ಒಂದು ಸೊಪ್ಪು ಇರುತ್ತಿತ್ತು.

"ನೋಡಮ್ಮ, ಹೊಳೆಮತ್ತಿ ತೊಗಟೆ ಕಷಾಯ ಹಾಕಿಕೊಡು. ಎದೆಗೆ ಅದರಂಥದ್ದು ಇನ್ನೊಂದಿಲ್ಲ. ಮೇಲಿನ ಬೂದುಬಣ್ಣದ್ದು ಬೇಡ. ಒಳಗೆ ಗುಲಾಬಿ ಬಣ್ಣದ್ದು ಬರುತ್ತೆ ನೋಡು, ಶಕ್ತಿ ಇರೋದು ಅದರಲ್ಲಿ."

"ಎಲ್ಲಿ ಸಿಗುತ್ತೆ ಸಾರ್?"

"ನಿನ್ನ ಆಫೀಸಿನೋರ ಗೆಸ್ಟ್‌ಹೌಸ್ ಇದೆಯಲ್ಲ!" ಎಂದರು, ನನ್ನ ದಡ್ಡತನಕ್ಕೆ ಮರುಗಿ.

ಹೌದು, ನಮ್ಮ ಕಚೇರಿಗೆ ಸೇರಿದ ಅತಿಥಿಗೃಹವೊಂದು ಹೊಳೆದಂಡೆಯಲ್ಲಿತ್ತು. ಹೆಂಚಿನ ಮನೆ, ಮುಂದೆ ತೋಟ, ತೋಟದಂಚಿನಲ್ಲಿ, ದಂಡೆ ಇಳಿಯುವ ಜಾಗದಲ್ಲಿ, ಒಂದು ಹೊಳೆಮತ್ತಿ. ಅದು ತಾನಾಗಿ ಬೆಳೆದ ಮರವಲ್ಲ. ಅಲ್ಲಿನ ಮಾಲಿ ಜವರಮ್ಮ ದಿನಗೂಲಿಗೆ ಸೇರಿದ ವರ್ಷ, ಯಾರೋ ನರ್ಸರಿಯಿಂದ ತಂದು ಮಿಕ್ಕಿದ್ದ ಸಸಿಯನ್ನು ನೆಟ್ಟು, ಎರಡು ಬೇಸಿಗೆ ಕೊಡದಲ್ಲಿ ನೀರು ಹೊತ್ತು ಉಳಿಸಿದ್ದಳು. ಆ ಹೊತ್ತಿಗೆ ಅದನ್ನು ತಬ್ಬಿದರೆ ಎರಡೂ ಕೈಯ ಬೆರಳ ತುದಿ ಮುಟ್ಟುತ್ತಿರಲಿಲ್ಲ. ಜವರಮ್ಮ ಪಾಂಡವಪುರದ ಕಡೆಯವಳು. ನಲವತ್ತೈದರ ಹೆಂಗಸು, ಗಟ್ಟಿ ದನಿ. ಅತಿಥಿಗೃಹಕ್ಕೆ ಬರುವ ದೊಡ್ಡ ಸಾಹೇಬರುಗಳೂ ಅವಳು ನೀರು ಹಾಯಿಸುತ್ತಿದ್ದರೆ ಸುತ್ತಿ ಬಳಸಿ ನಡೆಯುತ್ತಿದ್ದರು.

ಮಾರನೆಯ ಬೆಳಿಗ್ಗೆ ಬೆಳಕು ಹರಿಯುತ್ತಲೇ ಹೂಬುಟ್ಟಿ ಹಿಡಿದು ಹೊರಟೆ. ಬುಟ್ಟಿಯ ತಳದಲ್ಲಿ ಕುಡುಗೋಲು, ಅದರ ಮೇಲೆ ಬಟ್ಟೆ. ಗೇಟಿನಲ್ಲೇ ಜವರಮ್ಮ ಸಿಕ್ಕಳು.

"ಏನವ್ವಾ ಇಷ್ಟೊತ್ಗೆ?"

"ಪೂಜೆಗೆ ನಾಲ್ಕು ಹೂ ಬೇಕಿತ್ತು ಜವರಮ್ಮ."

ಅವಳು ಬಟ್ಟೆ ಸರಿಸಿ ಬುಟ್ಟಿಯೊಳಗೆ ಇಣುಕಿದಳು. "ಊವ ಕುಯ್ಯಕ್ಕೆ ಕುಡ್ಲು ಯಾಕವ್ವಾ? ನಮ್ ದಾಸವಾಳ ಅಷ್ಟು ಗಟ್ಟಿ ಅದಾ?"

ನಾನು ಸುಳ್ಳಿನಲ್ಲಿ ಬಹಳ ಹಿಂದೆ. ಅಪ್ಪನ ಬಿಪಿ, ನಂಜುಂಡಯ್ಯನವರ ಕಷಾಯ, ಎಲ್ಲ ಒಂದೇ ಉಸಿರಿನಲ್ಲಿ ಹೇಳಿ, "ಒಂದು ಚೂರು, ಅಷ್ಟೇ" ಎಂದೆ. ಅವಳ ಮುಖ ಮೆತ್ತಗಾಯಿತು.

"ಅಪ್ಪಾರ್ಗೆ ಅಂದ್ರೆ ತಕೊಳಿ. ಒಂದ್ ಅಂಗೈಯಷ್ಟು. ಮ್ಯಾಲಿಂದು ಮಾತ್ರ ಎದ್ದೇಳ್ಸಿ, ಒಳಿಕ್ಕೆ ಓಗ್ಬ್ಯಾಡಿ."

ನಾನು ತಲೆಯಾಡಿಸಿ ಹೋದೆ. ಆದರೆ ಗುಲಾಬಿ ಬಣ್ಣದ್ದರಲ್ಲೇ ಶಕ್ತಿಯಿರುವುದಲ್ಲವೇ? ಒಳಕ್ಕೇ ಹೋದೆ. ಬಿಳಿಯ ಮರ ಕಾಣುವ ತನಕ ಕೆತ್ತಿದೆ. ಮರ ಏನೂ ಅನ್ನಲಿಲ್ಲ. ಮೇಲೆ ಗಿಳಿಗಳು ಕಿರುಚುತ್ತಿದ್ದವು. ಅವು ದಿನವೂ ಕಿರುಚುತ್ತವೆ.

ಆಮೇಲೆ ವಾರಕ್ಕೊಮ್ಮೆಯಂತೆ ಐದಾರು ಸಲ ಹೋಗಿರಬೇಕು. ಪ್ರತಿ ಸಲವೂ ಒಂದೇ ಅಂಗೈ, ಹಳೆಯ ಗಾಯದ ಪಕ್ಕದಲ್ಲೇ. ಒಮ್ಮೆ ಹೋದಾಗ ನಾನು ಕೆತ್ತಿರದ ಕಡೆಯೂ ಮರ ಬಿಳಿಯಾಗಿರುವುದು ಕಂಡಿತು. ಯಾರೋ ಉಳಿ ಹೊಡೆದ ಗುರುತು. ಇನ್ನೊಮ್ಮೆ ಮರದ ಹಿಂದಿನಿಂದ ನಂಜುಂಡಯ್ಯನವರೇ ಛತ್ರಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಹೊರಬಂದರು. ಛತ್ರಿಯೊಳಗಿಂದ ಉಳಿಯ ಹಿಡಿ ಇಣುಕುತ್ತಿತ್ತು. ಇಬ್ಬರೂ ಹೊಳೆಯ ಕಡೆ ತಿರುಗಿ ನಿಂತೆವು.

"ಹೊಳೆ ಚೆನ್ನಾಗಿ ಹರೀತಿದೆ" ಎಂದರು ಅವರು.

"ಹೌದು ಸಾರ್, ಚೆನ್ನಾಗಿ ಹರೀತಿದೆ" ಎಂದೆ ನಾನು. ಆಗ ಹೊಳೆಯಲ್ಲಿ ನೀರಿಗಿಂತ ಬಂಡೆಗಳೇ ಹೆಚ್ಚಾಗಿ ಕಾಣುತ್ತಿದ್ದವು.

ನಂಜುಂಡಯ್ಯನವರು ಕಷಾಯದ ವಿಷಯವನ್ನು ವಾಕಿಂಗ್ ಬರುವವರಿಗೆಲ್ಲ ಹೇಳಿದ್ದರು. ಅವರೆಲ್ಲ ತಮ್ಮ ತಮ್ಮ ಮನೆಯ ಕಾಯಿಲೆ ಹೇಳಿ ಜವರಮ್ಮನಿಂದ ಒಂದೊಂದು ಅಂಗೈ ಕೇಳಿ ಪಡೆದಿದ್ದರು. ಅವಳು ಮಧ್ಯೆ ಮಗಳ ಬಾಣಂತನಕ್ಕೆಂದು ತೊಣ್ಣೂರಿಗೆ ಹೋಗಿ ಹದಿನೈದು ದಿನ ಇರಲಿಲ್ಲ. ಆಗ ಕೇಳುವ ಕಷ್ಟವೂ ತಪ್ಪಿತು.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ನಮ್ಮ ಸಾಹೇಬರು ಯಾರೋ ಮೇಲಧಿಕಾರಿ ಬರುತ್ತಾರೆಂದು ಅತಿಥಿಗೃಹ ನೋಡಲು ಹೋದವರು ಕೆಂಪು ಮುಖ ಮಾಡಿಕೊಂಡು ಕಚೇರಿಗೆ ಬಂದರು. ಸೊಂಟದೆತ್ತರದಲ್ಲಿ ಮರವನ್ನು ಸುತ್ತಲೂ ಸುಲಿದಿದ್ದಾರೆ, ಇನ್ನು ಅದು ಒಣಗುತ್ತದೆ, ಒಣಗಿದರೆ ಹೆಂಚಿನ ಮೇಲೆ ಬೀಳುತ್ತದೆ, ಕಡಿಸಬೇಕು ಎಂದರು. ಜೊತೆಗೆ ಜವರಮ್ಮನಿಗೆ ನೋಟಿಸು. ಒಂದು ಚೀಟಿಯಲ್ಲಿ ಗೀಚಿ ನನ್ನ ಮೇಜಿಗೆ ಕಳಿಸಿದರು.

ಟೈಪಿಸ್ಟು ಓದುತ್ತ ಹೊಡೆಯುವುದಿಲ್ಲ, ಬೆರಳು ತಾನೇ ಹೋಗುತ್ತದೆ. ಹೀಗೇ ಹೋಗುತ್ತಿದ್ದ ಬೆರಳು ಒಂದು ಸಾಲಿನಲ್ಲಿ ನಿಂತಿತು. 'ಅಪರಿಚಿತ ವ್ಯಕ್ತಿಗಳು ಮರದ ತೊಗಟೆಯನ್ನು ಸುಲಿಯಲು ಅವಕಾಶ ಮಾಡಿಕೊಟ್ಟಿರುವ ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು.' ಅಪರಿಚಿತ ಎಂಬ ಪದವನ್ನು ನೋಡಿದೆ. ಹಾಳೆಯನ್ನು ಉರುಳೆಯಿಂದ ಎಳೆದೆ. ಎಳೆದ ಮೇಲೆ ಏನು ಮಾಡಬೇಕೋ ತಿಳಿಯದೆ ಮತ್ತೆ ಸೇರಿಸಿದೆ. ಮತ್ತೆ ಎಳೆದೆ. ಎದುರಿನ ಇಂಗ್ಲಿಷ್ ಟೈಪಿಸ್ಟು, "ರಿಬ್ಬನ್ ಸಿಕ್ಕಿಕೊಂಡಿತಾ?" ಎಂದಳು. ಏನೋ ಸಿಕ್ಕಿಕೊಂಡಿದ್ದು ನಿಜ.

ಸಾಹೇಬರ ಕೋಣೆಗೆ ಹೋಗಿ ನಿಂತೆ.

"ಸಾರ್, ಅಪರಿಚಿತ ವ್ಯಕ್ತಿಗಳು ಅಂತ ಹೊಡೆಯೋಕಾಗಲ್ಲ."

"ಯಾಕೆ, ಕೀ ಕೆಟ್ಟಿದೆಯಾ?"

"ಇಲ್ಲ ಸಾರ್. ಪರಿಚಿತರೇ. ಅದರಲ್ಲಿ ಒಬ್ಬಳು ನಾನು."

ಸಾಹೇಬರು ಕನ್ನಡಕ ತೆಗೆದರು. ನಾನು ಅಪ್ಪ, ಬಿಪಿ, ಕುಡುಗೋಲು ಎಲ್ಲವನ್ನೂ ಹೇಳಿದೆ. ಜವರಮ್ಮ ಮೇಲಿನದು ಮಾತ್ರ ಎಂದಿದ್ದಳು, ಒಳಕ್ಕೆ ಹೋದವಳು ನಾನು ಎಂದೆ. ನೋಟಿಸು ಕೊಡುವುದಾದರೆ ನನಗೆ ಕೊಡಿ, ನಾನೇ ಟೈಪ್ ಮಾಡಿಕೊಳ್ಳುತ್ತೇನೆ ಎಂದೂ ಅಂದುಬಿಟ್ಟೆ. ಅವರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು.

"ಪೇಶ್ಕಾರ್ ನಂಜುಂಡಯ್ಯ ಅಂತ ಯಾರಾದರೂ ಇದ್ದಾರೇನಮ್ಮ?"

"ಇದ್ದಾರೆ ಸಾರ್."

"ನಮ್ಮತ್ತೆಗೆ ಒಂದು ಪೊಟ್ಟಣ ಕೊಟ್ಟಿದ್ದಾರೆ. ಹದಿನೈದು ದಿನದಿಂದ ನಮ್ಮನೇಲಿ ಅದೇನೋ ಕುದೀತಿದೆ" ಎಂದು ನಿಟ್ಟುಸಿರು ಬಿಟ್ಟರು. ಆಮೇಲೆ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡಾಗಿ ಹರಿದರು. "ಮಹಾನವಮಿವರೆಗೆ ಟೈಮು. ಅಷ್ಟರಲ್ಲಿ ಮರ ಚೆನ್ನಾಗಿದ್ದರೆ ಸರಿ, ಇಲ್ಲದಿದ್ದರೆ ಕಡಿಸ್ತೀನಿ. ಮೊದಲು ಆ ಗಾಯಕ್ಕೆ ಡಾಂಬರು ಬಳಿಸಿ." ರಸ್ತೆ ಮಾಡಿಸಿ ಬೆಳೆದ ಇಂಜಿನಿಯರು. ಅವರಿಗೆ ಎಲ್ಲ ರೋಗಕ್ಕೂ ಔಷಧಿ ಡಾಂಬರೇ.

ಸಂಜೆ ಜವರಮ್ಮನ ಮುಂದೆ ನಿಂತೆ. ಸಾಹೇಬರ ಕೋಣೆಗಿಂತ ಅದೇ ಕಷ್ಟವಾಯಿತು. ಅವಳು ತೊಣ್ಣೂರಿನಿಂದ ಆವತ್ತೇ ಬಂದು, ಮರದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಒಬ್ಬೊಬ್ರೂ ಬಂದು ಒಂದೊಂದ್ ಅಂಗೈ ಅಂದ್ರಿ. ಒಬ್ರಿಗೆ ಅಪ್ಪ, ಒಬ್ರಿಗೆ ಎಂಡ್ತಿ. ಇಲ್ಲ ಅನ್ನಕ್ಕಾಯ್ತದಾ? ಮರಕ್ಕೆ ಎಷ್ಟ್ ಅಂಗೈ ಇರ್ತದವ್ವಾ, ನೀವೇ ಯೋಳಿ" ಎಂದಳು.

ಆಮೇಲೆ ಅವಳೇ ಎದ್ದು ಸೆರಗು ಸಿಕ್ಕಿಸಿಕೊಂಡಳು. "ಗಂಜಾಮ್‌ನಾಗೆ ಖಾದರ್ ಸಾಬ್ರು ಅವ್ರೆ. ಸಪೋಟ ಕಸಿ ಕಟ್ಟೋರು. ನಡೀರಿ, ಕೇಳ್ಮ."

ಖಾದರ್ ಸಾಬರು ಮುಂದಿನ ಭಾನುವಾರ ಸೈಕಲ್ಲಿನಲ್ಲಿ ಬಂದರು. ಬಿಳಿ ಗಡ್ಡ, ತೆಳ್ಳಗಿನ ಮೈ, ಸೈಕಲ್ಲಿನ ಹ್ಯಾಂಡಲ್ಲಿಗೆ ಒಂದು ತಗಡಿನ ಡಬ್ಬಿ. ಮರದ ಸುತ್ತ ಎರಡು ಸುತ್ತು ಬಂದರು. ಗಾಯದ ಮೇಲೆ, ಕೆಳಗೆ, ಉಗುರಿನಿಂದ ತೊಗಟೆ ಗೀರಿ ನೋಡಿದರು. ಹಸಿರು ಕಂಡಿತು. ದಂಡೆಯ ಕಡೆ, ಕಾಲು ಜಾರುವ ಇಳಿಜಾರಿನಲ್ಲಿ, ನಾಲ್ಕು ಬೆರಳಗಲದ ತೊಗಟೆ ಮೇಲಿನಿಂದ ಕೆಳಗಿನವರೆಗೆ ಹಾಗೇ ಉಳಿದಿತ್ತು. ಅಲ್ಲಿ ನಿಂತು ಕೆತ್ತಲು ನಮಗ್ಯಾರಿಗೂ ಧೈರ್ಯ ಬಂದಿರಲಿಲ್ಲ.

"ಅಲ್ಲಾ ದೊಡ್ಡೋನು" ಎಂದರು ಸಾಬರು. "ಇದೊಂದು ಪಟ್ಟಿ ಇಲ್ದಿದ್ರೆ ನಾನು ಸೈಕಲ್ ತಿರುಗಿಸ್ತಿದ್ದೆ. ಎಲೆ ಮಾಡಿದ ಅಡುಗೆ ಈ ತೊಗಟೆಯೊಳಗಿಂದಾನೇ ಬೇರಿಗೆ ಇಳಿಯೋದು ಅಮ್ಮ. ರಸ್ತೆ ಕಡಿದುಬಿಟ್ರೆ ಬೇರು ಉಪವಾಸ."

ನಾನು ಡಾಂಬರಿನ ಮಾತೆತ್ತಿದೆ. ಅವರು ಎರಡೂ ಕಿವಿ ಮುಟ್ಟಿಕೊಂಡರು. "ತೋಬಾ! ಡಾಂಬರು ಬಳಿದ್ರೆ ಒಳಗೆ ತೇವ ಕೂತು ಕೊಳೀತದೆ. ಗಾಯ ಗಾಳಿಗೆ ಬಿಡಿ. ಮರ ಅಂಚಿಂದ ತಾನೇ ಮುಚ್ಕೊಂಡು ಬರ್ತದೆ. ನಾವು ಅದಕ್ಕೆ ಅಡ್ಡ ಬರಬಾರದು, ಅಷ್ಟೇ."

ಮೊದಲು ಗಾಯದ ಅಂಚಿನಲ್ಲಿ ಎದ್ದು ನಿಂತಿದ್ದ, ಸತ್ತ ತೊಗಟೆಯ ಚಿಂದಿಗಳನ್ನು ಚೂಪು ಚಾಕುವಿನಿಂದ ನಯವಾಗಿ ಕತ್ತರಿಸಿದರು. ಬದುಕಿದ್ದ ಭಾಗವನ್ನು ಒಂದು ಎಳೆಯೂ ಮುಟ್ಟಲಿಲ್ಲ. ನಾನು ಕುಡುಗೋಲಿನಿಂದ ಕೆತ್ತಿದ ಕಡೆ ಬಂದಾಗ, "ಇದು ಯಾರ ಕೈಕೆಲಸ? ಬಹಳ ಆಳ ಹೋಗಿದ್ದಾರೆ" ಎಂದರು. ಜವರಮ್ಮ ಆಕಾಶ ನೋಡಿದಳು. ನಾನು ಕೈ ಎತ್ತಿದೆ.

ಮರ ಆಗ ಎಲೆ ಉದುರಿಸಿ, ಹೊಸದು ಚಿಗುರುವ ಮೊದಲಿನ ಹೊತ್ತಿನಲ್ಲಿತ್ತು. ಇದೇ ಸರಿಯಾದ ಕಾಲ ಎಂದು ಸಾಬರು ಅದೇ ಮರದ ಹಿಂದಿನ ವರ್ಷದ ಕಡ್ಡಿಗಳನ್ನು ಕತ್ತರಿಸಿಕೊಂಡರು. ಬೆರಳು ದಪ್ಪದವು, ಐದು. ಗಾಯದ ಮೇಲೊಂದು ಕೆಳಗೊಂದು ತೊಗಟೆಯಲ್ಲಿ ಸೀಳು ಮಾಡಿ, ಕಡ್ಡಿಯ ಎರಡು ತುದಿಯನ್ನೂ ಓರೆಯಾಗಿ ಕೆತ್ತಿ, ಒಳಗೆ ಸೇರಿಸಿ, ಸಣ್ಣ ಮೊಳೆ ಹೊಡೆದು, ಸಂದಿಗೆ ಜೇನುಮೇಣ ಹಚ್ಚುವುದು. ಗಾಳಿಗೆ ಮರ ತೂಗಿದಾಗ ಕಿತ್ತು ಬರದಿರಲೆಂದು ಪ್ರತಿ ಕಡ್ಡಿಯನ್ನೂ ಸ್ವಲ್ಪ ಬಾಗಿಸಿ ಕೂರಿಸಿದರು. ಹರಿದ ದಾರಿಗೆ ಐದು ಕಾಲುಸೇತುವೆ ಕಟ್ಟಿದ ಹಾಗೆ ಕಾಣುತ್ತಿತ್ತು. ಕಡ್ಡಿ ಎತ್ತಿ ಕೊಡುವ ಕೆಲಸ ನನ್ನದು. ಮೂರನೆಯದನ್ನು ಕೊಟ್ಟಾಗ ಅವರು ಅದನ್ನು ಹಿಡಿದು ನಗತೊಡಗಿದರು.

"ತಲೆಕೆಳಗೆ ಕೊಟ್ರಲ್ಲಮ್ಮ! ಮೊಗ್ಗು ಮೇಲ್ಮುಖ ಇರಬೇಕು. ನಿಮ್ಮ ಮರಕ್ಕೆ ಶೀರ್ಷಾಸನ ಬರಲ್ಲ."

ಆವತ್ತು ಜವರಮ್ಮ ಮೊದಲ ಸಲ ನಕ್ಕಳು. ಅದರಿಂದ ನನಗಾದ ಸಮಾಧಾನವನ್ನು ಯಾವ ಮಾತ್ರೆಯೂ ಕೊಡಲಾರದು.

ಮಣ್ಣು, ಮೇಣ ಮೆತ್ತಿಕೊಂಡು ಮನೆಗೆ ಬಂದು, "ಅಪ್ಪಾ, ಇನ್ನು ಮೇಲೆ ಕಷಾಯ ಇಲ್ಲ" ಎಂದೆ. ಅಪ್ಪನ ಮುಖ ಅರಳಿತು.

"ನಿಜವಾಗಲೂ? ಪೂರ್ತಿ ಕ್ಯಾನ್ಸಲ್ಲಾ?"

ಆಮೇಲೆ ಕೊಂಚ ನಾಚಿಕೊಂಡು ಹೇಳಿದರು. ಕಷಾಯ ಕುಡಿದದ್ದು ಮೊದಲ ದಿನ ಮಾತ್ರವಂತೆ. ಉಳಿದ ದಿನಗಳದ್ದೆಲ್ಲ ಹಿತ್ತಲ ಕನಕಾಂಬರದ ಕುಂಡಕ್ಕೆ ಹೋಗಿತ್ತು. ಬಿಪಿ ಇಳಿದದ್ದು ಡಾಕ್ಟರ ಮಾತ್ರೆಯಿಂದ.

"ಮತ್ತೆ ನನಗೆ ಹೇಳಬಾರದಿತ್ತಾ ಅಪ್ಪ?"

"ನೀನು ಅಷ್ಟು ಬೇಗ ಎದ್ದು, ಚಳೀಲಿ ಹೋಗಿ ತರ್ತಿದ್ದೆ. ಬೇಡ ಅನ್ನೋಕೆ ಮನಸ್ಸು ಬರಲಿಲ್ಲ ಕಣೇ."

ನನಗೆ ಅಳು ಬಂತೋ ನಗು ಬಂತೋ ಈಗ ನೆನಪಿಲ್ಲ. ಅವರು ನನ್ನ ಮನಸ್ಸು ನೋಯಬಾರದೆಂದು ಸುಮ್ಮನಿದ್ದರು. ನಾನು ಅವರ ಎದೆ ನೋಯಬಾರದೆಂದು ಕೆತ್ತಿದೆ. ನಡುವೆ ನಿಂತಿದ್ದದ್ದು ಆ ಮರ.

ಅಲ್ಲಿಂದ ಮುಂದೆ ಬೇಸಿಗೆಯಿಡೀ ನಮಗೆ ಪಾಳಿ. ಬುಡದಿಂದ ದೂರಕ್ಕೆ ಸುತ್ತಲೂ ಪಾತಿ ಮಾಡಿ, ನಿಧಾನವಾಗಿ ನೀರು ಇಂಗಿಸಿ, ಮೇಲೆ ತರಗೆಲೆ ಹರಡುತ್ತಿದ್ದೆವು. ಎಲೆ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಬೇಕೆಂದು ಸಾಬರ ಅಪ್ಪಣೆ. ಜವರಮ್ಮ ಸುತ್ತ ಜಾಲಿಮುಳ್ಳು ಕಟ್ಟಿದಳು. ಬೆಳಗಿನ ಕಾವಲಿಗೆ ಅವಳು ಹಿಡಿದು ತಂದದ್ದು ನಂಜುಂಡಯ್ಯನವರನ್ನೇ. "ನೀವೇ ಊರ್ಗೆಲ್ಲ ಯೋಳಿದ್ದು. ನೀವೇ ಬ್ಯಾಡ ಅಂತ ಯೋಳಿ" ಎಂದು ಒಂದು ಸ್ಟೂಲು ಹಾಕಿ ಕೂರಿಸಿದಳು. ಪಾಪ, ಅವರು ಕೋರ್ಟಿನಲ್ಲಿ ಹೆಸರು ಕೂಗಿ ಪಳಗಿದ ದನಿಯಲ್ಲಿ ಬಂದವರನ್ನೆಲ್ಲ ಗೇಟಿನಲ್ಲೇ ತಡೆಯುತ್ತಿದ್ದರು. "ಸಾರ್, ತಾವೇ ಅಲ್ಲವೇ ಕಷಾಯ ಅಂದದ್ದು?" ಎಂದು ಯಾರಾದರೂ ಕೇಳಿದರೆ, "ಆ ಆದೇಶ ರದ್ದಾಗಿದೆ" ಎನ್ನುವರು.

ಚಿಗುರು ತಡವಾಗಿ ಬಂತು. ಯುಗಾದಿ ಕಳೆದರೂ ಕೊಂಬೆಗಳು ಬರಿದಾಗಿದ್ದವು. ಅತಿಥಿಗೃಹಕ್ಕೆ ಮರ ಕಡಿಯುವವನೊಬ್ಬ ಬಂದು ಅಳತೆ ನೋಡಿಕೊಂಡು ಹೋದದ್ದೂ ಆಯಿತು. ಆ ದಿನ ಜವರಮ್ಮ ಊಟದ ಗಂಟನ್ನೇ ಬಿಚ್ಚಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ನಾನು ಕಚೇರಿಯ ಮೆಟ್ಟಿಲು ಹತ್ತುತ್ತಿದ್ದಾಗ ರಸ್ತೆಯಾಚೆಯ ಅತಿಥಿಗೃಹದ ಗೇಟಿನಿಂದ ಅವಳ ಗಟ್ಟಿ ದನಿ ಕೇಳಿತು.

"ಅವ್ವಾ! ಕಣ್ ಬುಟ್ಟದೆ! ಬನ್ನಿ, ಬನ್ನಿ, ಕಣ್ ಬುಟ್ಟದೆ!"

ಹಾಜರಿ ಪುಸ್ತಕಕ್ಕೆ ಸಹಿಯನ್ನೂ ಹಾಕದೆ ಓಡಿದೆ. ಹಿಂದೆಯೇ ಇಂಗ್ಲಿಷ್ ಟೈಪಿಸ್ಟು. ಕೊಂಬೆಯ ತುದಿಗಳಲ್ಲಿ ತಾಮ್ರಬಣ್ಣದ ಎಳೆಯ ಎಲೆಗಳು. ಸೇತುವೆಯ ಕಡ್ಡಿಗಳಲ್ಲಿ ಎರಡು ಒಣಗಿದ್ದವು, ಮೂರು ಉಬ್ಬಿಕೊಂಡು ಮೈಮೇಲೆ ಹಸಿರು ಮೊಗ್ಗು ಬಿಟ್ಟಿದ್ದವು. ಸಾಬರು ಬಂದು ನೋಡಿ, ಆ ಮೊಗ್ಗುಗಳನ್ನು ಉಜ್ಜಿ ತೆಗೆದರು. ನಾನು ಹೌಹಾರಿದೆ. "ಇವು ಸೇತುವೆ ಅಮ್ಮ, ಇಲ್ಲಿ ಅಂಗಡಿ ಇಡೋಹಾಗಿಲ್ಲ" ಎಂದರು.

ಮಹಾನವಮಿಗೆ ಸಾಹೇಬರು ಬಂದಾಗ ಗಾಯದ ಎರಡೂ ಅಂಚು ಉರುಟಾಗಿ, ತುಟಿಯಂತೆ ಒಳಕ್ಕೆ ಬೆಳೆದಿದ್ದವು. ಅವರು ಕೆ.ಆರ್.ಪೇಟೆಗೆ ಹೊರಡುವ ಅವಸರದಲ್ಲಿದ್ದರು. ಆದರೂ ಒಂದು ನಿಮಿಷ ನೆರಳಿನಲ್ಲಿ ನಿಂತು, "ಡಾಂಬರು ಹಾಕಲಿಲ್ಲವಾ?" ಎಂದರು. "ಇಲ್ಲ ಸಾರ್" ಎಂದೆ. "ಒಳ್ಳೇದಾಯ್ತು" ಎಂದು ಜೀಪು ಹತ್ತಿದರು. ಜವರಮ್ಮ ಆ ತೋಟದಲ್ಲೇ ದುಡಿದು, ಅಲ್ಲೇ ಕೆಲಸ ಖಾಯಂ ಆಗಿ, ಅಲ್ಲಿಂದಲೇ ನಿವೃತ್ತಳಾಗಿ ತೊಣ್ಣೂರಿನ ಮಗಳ ಮನೆ ಸೇರಿದಳು.

ಇಷ್ಟೆಲ್ಲ ನೆನಪಾಗಿ, ಬಿಸಿ ಮಾಡಿದ ಕಾಫಿ ಎರಡನೆಯ ಸಲ ಆರಿತು. ಹಾಗೆ ಕೆತ್ತಿದವಳು ಈಗ ಪಾರ್ಕಿನ ಆ ಮನುಷ್ಯನನ್ನು ಅಷ್ಟು ದೊಡ್ಡ ದನಿಯಲ್ಲಿ ಬೈದು ಬಂದಿದ್ದಳಲ್ಲ! ಯಾರ ಕಾಯಿಲೆಯ ನೆಪವನ್ನೂ ಹೇಳದೆ, ಬೈಯುವವರಿಗೆ ಹೆದರಿ ಬುಡದ ಹುಲ್ಲು ತೆಗೆಯುತ್ತಿದ್ದವನನ್ನು. ಹಿತ್ತಲಿನಿಂದ ಕಳೆಗುದ್ದಲಿ, ಒಂದು ಚಾಕು, ಒಂದು ಚೀಲ ತರಗೆಲೆ ತೆಗೆದುಕೊಂಡು ಮತ್ತೆ ಪಾರ್ಕಿಗೆ ಹೋದೆ. ಗಾಯವಾದ ಹೊಂಗೆಯ ಬುಡದಲ್ಲಿ ಕೂತು, ಮೊಣಕಾಲು ಬೇಡವೆಂದರೂ ಕೇಳದೆ, ಸುತ್ತಲೂ ಒಂದು ಮೊಳದಷ್ಟು ಹುಲ್ಲನ್ನು ಕೈಯಿಂದ ಕಿತ್ತೆ. ಹರಿದ ತೊಗಟೆಯ ಅಂಚನ್ನು ಚಾಕುವಿನಿಂದ ನಯ ಮಾಡಿದೆ. ಕಾಂಡದಿಂದ ಒಂದು ಗೇಣು ಬಿಟ್ಟು ತರಗೆಲೆ ಹರಡಿದೆ.

ಯಂತ್ರ ನಿಂತಿತು. ಆತ ಬಂದು ಪಕ್ಕದಲ್ಲಿ ನಿಂತ.

"ಏನ್ ಮಾಡ್ತಿದ್ದೀರಿ ಮೇಡಂ?"

"ಬುಡದ ಹತ್ತಿರ ಹುಲ್ಲೇ ಇಲ್ಲದಿದ್ದರೆ ನಿಮ್ಮ ಯಂತ್ರ ಅಲ್ಲಿಗೆ ಬರಬೇಕಾಗಿಲ್ಲವಲ್ಲ. ಯಾರೂ ಬೈಯೋದೂ ಇಲ್ಲ" ಎಂದೆ. ಆಮೇಲೆ, "ಬೆಳಿಗ್ಗೆ ಬೈದದ್ದು ಜಾಸ್ತಿಯಾಯ್ತು. ನಾನೂ ಒಂದು ಮರ ಕೆತ್ತಿದ್ದೆ. ಇದಕ್ಕಿಂತ ದೊಡ್ಡ ಗಾಯ" ಎಂದೂ ಹೇಳಿದೆ. ಎಷ್ಟೋ ವರ್ಷಗಳ ಮೇಲೆ ಆ ಮಾತನ್ನು ಮತ್ತೆ ಹೊರಗೆ ಆಡಿದ್ದು. ಅದೇನೂ ಕಷ್ಟವಾಗಲಿಲ್ಲ.

ಆತ ನನ್ನನ್ನೂ ಮರವನ್ನೂ ನೋಡಿದ. ಯಂತ್ರವನ್ನು ಹೆಗಲಿನಿಂದ ಇಳಿಸಿ ಹುಲ್ಲಿನ ಮೇಲಿಟ್ಟ. ತಲೆ ಕೆರೆದುಕೊಂಡು, ದನಿ ಇಳಿಸಿ, "ಇದೊಂದೇ ಅಲ್ಲ ಮೇಡಂ. ಆ ಕಡೆ ಇನ್ನೂ ಆರೇಳಕ್ಕೆ ತಾಗ್ಸಿದ್ದೀನಿ" ಎಂದ.

"ಬನ್ನಿ, ತೋರಿಸಿ" ಎಂದೆ.

ಆತ ತರಗೆಲೆಯ ಚೀಲ ಎತ್ತಿಕೊಂಡು ಮುಂದೆ ನಡೆದ. ಕಳೆಗುದ್ದಲಿ ಹಿಡಿದು ನಾನು ಹಿಂದೆ.